ಹನ್ನೊಂದು ನಿಮಿಷದ ಕಳ್ಳ

ನಮ್ಮ ಸೋದರಮಾವನದು ಕಾಟನ್‌ಪೇಟೆಯಲ್ಲಿ ಕಾಗದದ ಸಗಟು ಅಂಗಡಿ. ತವಕ್ಕಲ್ ಮಸ್ತಾನ್ ದರ್ಗಾ ಗೊತ್ತಲ್ಲ, ಪ್ರತಿ ವರ್ಷ ಕರಗ ಹೋಗಿ ಬರೋದು, ಅಲ್ಲಿಂದ ನಾಲ್ಕು ಹೆಜ್ಜೆ. ಮನೆತನದಲ್ಲಿ ಒಬ್ಬ ಕಂಪ್ಯೂಟರ್ ಓದಿದವನು ಇದ್ದರೆ ಪ್ರಿಂಟರ್‌ನಿಂದ ಹಿಡಿದು ಮಿಕ್ಸಿವರೆಗೆ ಎಲ್ಲ ಅವನ ತಲೆಗೇ ಬರುತ್ತೆ. ಆ ಪುಣ್ಯಾತ್ಮ ನಾನು. ಮೊನ್ನೆ ಮಾವನ ಫೋನು: "ಸ್ವಲ್ಪ ಬಂದು ಹೋಗಪ್ಪಾ, ಫೋನಲ್ಲಿ ಹೇಳೋ ವಿಷಯ ಅಲ್ಲ."

ಹೋದೆ. ಮಾವನ ಮುಖ ಸಪ್ಪಗಿತ್ತು. ಪಕ್ಕದಲ್ಲಿ ಲೆಕ್ಕ ಬರೆಯೋರು ಎರಡು ಉದ್ದುದ್ದ ಪಟ್ಟಿ ಹಿಡಿದು ಕೂತಿದ್ರು. ಒಂದು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನದು, ಇನ್ನೊಂದು ಹಿಂದಿನ ಗಲ್ಲಿಯ ಗೋಡೌನಿನದು. ಬಿಲ್ ಆಗಿದ್ದು 4:20ಕ್ಕೆ, ಮಾಲು ಗೋಡೌನಿಂದ ಹೊರಗೆ ಹೋಗಿದ್ದು 4:13ಕ್ಕೆ! ಒಂದಲ್ಲ, ಎರಡಲ್ಲ, ಹದಿನೈದು ದಿನದಿಂದ ಹೀಗೇ. ಅಂದ್ರೆ ಬಿಲ್ ಆಗೋ ಮೊದಲೇ ಮಾಲು ಆಚೆ ಹೋಗ್ತಾ ಇದೆ. ಇನ್ನು ಬಿಲ್ಲೇ ಇಲ್ಲದೆ ಎಷ್ಟು ಹೋಗಿದೆಯೋ ಅಂತ ಅವರ ಅನುಮಾನ.

ಗೋಡೌನ್ ನೋಡ್ಕೊಳ್ಳೋ ಅಣ್ಣ 19 ವರ್ಷದಿಂದ ಅಲ್ಲೇ ಇರೋರು. ಚಿಕ್ಕವನಿದ್ದಾಗ ನನ್ನನ್ನ ಕಾಗದದ ಬಂಡಲ್ ಮೇಲೆ ಕೂರಿಸಿ ಬನ್ನು ಕೊಡಿಸಿದವರು. ಅವತ್ತು ಬಾಗಿಲ ಹತ್ತಿರ ನಿಂತಿದ್ರು, ಒಳಗೆ ಬರಲಿಲ್ಲ. ಲೆಕ್ಕದವರು ದನಿ ತಗ್ಗಿಸಿ ಇನ್ನೊಂದು ಬಾಂಬು ಹಾಕಿದ್ರು: "ಹೋದ ತಿಂಗಳು ಆ ಕಂಪ್ಯೂಟರಿನ ಟೈಮನ್ನ ಇವರೇ ಬದಲಾಯಿಸಿದ್ದಾರೆ. ಲಾಗ್‌ನಲ್ಲಿದೆ."

ಹೊರಗೆ ಬಂದು ಕೇಳಿದೆ. "ಹೌದು ಸಾರ್, ಗಡಿಯಾರ ಹಿಂದೆ ಬಿದ್ದಿತ್ತು. ಮೊಬೈಲ್ ನೋಡ್ಕೊಂಡು ಸರಿ ಮಾಡ್ದೆ. ತಪ್ಪಾಯ್ತಾ?" ಅಂದ್ರು. ನಂಗೆ ಏನು ಹೇಳಬೇಕೋ ತೋಚಲಿಲ್ಲ.

ಗೋಡೌನಿಗೆ ಹೋಗಿ ನೋಡಿದ್ರೆ ಗಡಿಯಾರ ನನ್ನ ಮೊಬೈಲಿಗಿಂತ ಸರಿಯಾಗಿ 11 ನಿಮಿಷ ಹಿಂದೆ. ಇದನ್ನ ತೋರಿಸಿದ್ರೆ ಸಾಕು ಅಂದ್ಕೊಂಡೆ. ಆದ್ರೆ ಲೆಕ್ಕದವರು ಬುದ್ಧಿವಂತರು: "ಅದನ್ನೂ ಇವರೇ ಹಿಂದಕ್ಕೆ ತಿರುಗಿಸಿರಬಹುದಲ್ಲ?" ನ್ಯಾಯವಾದ ಪ್ರಶ್ನೆಯೇ.

ಹಾಗಾಗಿ ಗಡಿಯಾರ ಮುಟ್ಟದೆ ಮೊದಲು ಎರಡೂ ಕಡೆಯ ದಾಖಲೆ ನಕಲು ಮಾಡಿಕೊಂಡೆ. ಮಾಲು ತುಂಬೋಕೆ ಒಂದೊಂದು ಸಲ ಒಂದೊಂದು ಹೊತ್ತು ಹಿಡಿಯುತ್ತೆ, ಅದಕ್ಕೆ ಪ್ರತಿದಿನ ಬಿಲ್ಲಿಗೂ ಮಾಲಿಗೂ ಇದ್ದ ಅತಿ ಕಡಿಮೆ ಅಂತರವನ್ನ ಮಾತ್ರ ಸಾಲಾಗಿ ಬರೆದೆ. ಟೈಮ್ ಸರಿಮಾಡಿದ ವಾರ ಎಲ್ಲ ಸರಿ, ಬಿಲ್ ಆದ ಮೇಲೇ ಮಾಲು. ಆಮೇಲೆ ದಿನಕ್ಕೆ ಸುಮಾರು ಅರ್ಧ ನಿಮಿಷ ಜಾರುತ್ತಾ ಹೋಗಿದೆ. ಸೋಮವಾರ ಬಂದರೆ ಮಾತ್ರ ಒಂದು ನಿಮಿಷಕ್ಕೂ ಹೆಚ್ಚಿನ ಜಿಗಿತ!

ಭಾನುವಾರ ಅಂಗಡಿ ರಜ. ದಿನಾ ರಾತ್ರಿ ಮಾವ ಮೇನ್ ಸ್ವಿಚ್ ಆರಿಸಿಯೇ ಮನೆಗೆ ಹೋಗೋದು. ಕರೆಂಟಿಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಯೋದು ಮದರ್‌ಬೋರ್ಡಿನ ಮೇಲಿರೋ ಬಿಲ್ಲೆಯಂಥ ಬ್ಯಾಟರಿಯಿಂದ. ಅದು ಸೊರಗಿದರೆ ಗಡಿಯಾರವೂ ಸೊರಗುತ್ತೆ. ಅವತ್ತು ರಾತ್ರಿ ಆರಿಸೋ ಮುಂಚೆ ವ್ಯತ್ಯಾಸ ಬರೆದಿಟ್ಟು ಬೆಳಿಗ್ಗೆ ನೋಡಿದೆ. 25 ಸೆಕೆಂಡು ಹೆಚ್ಚಾಗಿತ್ತು. ಬೀಗದ ಕೈ ಮಾವನ ಹತ್ತಿರವೇ ಇತ್ತು.

ಇನ್ನು ಆ ಲಾಗ್. ಟೈಮ್ ಬದಲಾದಾಗ ವಿಂಡೋಸ್ ಹಳೆಯ ಸಮಯ, ಹೊಸ ಸಮಯ ಎರಡನ್ನೂ ಬರೆದಿಡುತ್ತೆ. ಅಣ್ಣ ಮಾಡಿದ್ದು ಹಿಂದಕ್ಕಲ್ಲ, ಮುಂದಕ್ಕೆ. ಕಳ್ಳತನ ಇಷ್ಟು ಶಿಸ್ತಾಗಿ, ಭಾನುವಾರದ ಲೆಕ್ಕವನ್ನೂ ಸೇರಿಸಿಕೊಂಡು ನಡೆಯುತ್ತಾ, ನೀವೇ ಹೇಳಿ.

ಹಾಗಾದ್ರೆ ಬಿಲ್ಲಿಂಗ್ ಕಂಪ್ಯೂಟರ್ ಯಾಕೆ ಸರಿಯಿತ್ತು? ಅದಕ್ಕೆ ಇಂಟರ್ನೆಟ್ ಇದೆ, ತಾನೇ ಕೇಳಿ ತಿದ್ದಿಕೊಳ್ಳುತ್ತೆ. ಹುಡುಗರು ಯೂಟ್ಯೂಬ್ ನೋಡ್ತಾರೆ ಅಂತ ಗೋಡೌನಿಗೆ ಮಾವ ಇಂಟರ್ನೆಟ್ ಕೊಟ್ಟಿರಲಿಲ್ಲ. ಪಾಪ, ಅದು ಯಾರನ್ನ ಕೇಳಬೇಕು?

ಈ ಕೇಳೋ ಕ್ರಮಕ್ಕೆ ಎನ್‌ಟಿಪಿ ಅಂತಾರೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಬಳಕೆಯಲ್ಲಿದೆ. 2024ರಲ್ಲಿ ಅವರು ತೀರಿಕೊಂಡ್ರು. ಉಪಾಯ ಸರಳ. ಪತ್ರ ಹೊರಟ ಹೊತ್ತು, ತಲುಪಿದ ಹೊತ್ತು, ಉತ್ತರ ಹೊರಟ ಹೊತ್ತು, ಬಂದು ಸೇರಿದ ಹೊತ್ತು, ಹೀಗೆ ನಾಲ್ಕನ್ನೂ ಬರೆದಿಟ್ಟರೆ ದಾರಿಯಲ್ಲಿ ಎಷ್ಟು ಕಾಲ ಹೋಯ್ತು, ನನ್ನ ಗಡಿಯಾರ ಎಷ್ಟು ತಪ್ಪಿದೆ ಎರಡೂ ಸಿಗುತ್ತೆ. ಹೋಗೋಕೂ ಬರೋಕೂ ಒಂದೇ ಹೊತ್ತು ಹಿಡಿಯುತ್ತೆ ಅನ್ನೋ ನಂಬಿಕೆ ಮೇಲೆ.

ಎಸ್.ಪಿ. ರೋಡಿಂದ ಸಿಆರ್2032 ಬ್ಯಾಟರಿ ತಂದು ಹಾಕಿದೆ. ಬಿಲ್ಲಿಂಗ್ ಕಂಪ್ಯೂಟರನ್ನೇ ಟೈಮ್ ಸರ್ವರ್ ಮಾಡಿ, ಗೋಡೌನಿನದಕ್ಕೆ ಇನ್ನು ಮೇಲೆ ಇದನ್ನೇ ಕೇಳು ಅಂದೆ. ಸಮಯದ ಮಾಹಿತಿ ಸಿಗ್ತಿಲ್ಲ ಅಂತ ಹಟ ಹಿಡೀತು. ಕೇಬಲ್ ನೋಡಿದೆ, ಐಪಿ ನೋಡಿದೆ, ಒಂದು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದ್ರೆ ಬಿಲ್ಲಿಂಗ್ ಕಂಪ್ಯೂಟರಿನ ಫೈರ್‌ವಾಲು! ಯುಡಿಪಿ 123ನೇ ಪೋರ್ಟ್ ತೆಗೆದ ಕೂಡಲೇ ಎರಡೂ ಗಡಿಯಾರ ಕೂಡಿಕೊಂಡವು.

ಅಂದ ಹಾಗೆ ಒಂದು ತಮಾಷೆ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕಕ್ಕೆ. ಬೆಂಗಳೂರಿರೋದು ಸುಮಾರು 77.6ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ, ಅಂದ್ರೆ ನಮ್ಮೂರ ಸೂರ್ಯ ಗಡಿಯಾರಕ್ಕಿಂತ ಸರಾಸರಿ 20 ನಿಮಿಷ ಹಿಂದೆ. 11 ನಿಮಿಷ ಹಿಂದಿದ್ದ ಗೋಡೌನ್ ಕಂಪ್ಯೂಟರೇ ಸೂರ್ಯನಿಗೆ ಹೆಚ್ಚು ಹತ್ತಿರ ಇತ್ತು! 1906ರಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬರೋ ಮೊದಲು ರೈಲುಗಳು ಮದರಾಸಿನ ಗಡಿಯಾರಕ್ಕೆ ಓಡ್ತಿದ್ದವು. ಯಾವುದು ಸರಿ ಅನ್ನೋದಕ್ಕಿಂತ ಎಲ್ಲರೂ ಒಂದನ್ನೇ ಒಪ್ಪಿಕೊಂಡಿದ್ದಾರಾ ಅನ್ನೋದೇ ಮುಖ್ಯ. ಒಪ್ಪದ ಎರಡು ಗಡಿಯಾರಗಳ ಮಧ್ಯೆ ಸಿಕ್ಕಿಕೊಂಡಿದ್ದು ಒಬ್ಬ ಮನುಷ್ಯನ 19 ವರ್ಷ.

ಮಾವ ಕ್ಷಮೆ ಕೇಳಲಿಲ್ಲ. ಆ ಕಾಲದ ಯಜಮಾನರಿಗೆ ಅದು ಬರಲ್ಲ. ಎರಡು ಕಾಫಿ ತರಿಸಿ, ಒಂದನ್ನ ತಾವೇ ಎತ್ತಿಕೊಂಡು ಗೋಡೌನಿಗೆ ಹೋಗಿ ಕೊಟ್ರು. ಅಣ್ಣ ಎದ್ದು ನಿಂತೇ ಕುಡಿದ್ರು. ಇಬ್ಬರೂ ಏನೂ ಮಾತಾಡಲಿಲ್ಲ. ನಾನು ಹೊರಡುವಾಗ ಅಣ್ಣ ಮಾತ್ರ ಮೆಲ್ಲಗೆ ಕೇಳಿದ್ರು, "ಸಾರ್, ಇನ್ಮೇಲೆ ಟೈಮ್ ತಪ್ಪಿದ್ರೆ ನಾನು ಮುಟ್ಟಬಾರದು ಅಲ್ವಾ?"

ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ. ಬ್ಯಾಟರಿ ಬದಲಾಯಿಸಿದಷ್ಟು ಸುಲಭಕ್ಕೆ ಅದನ್ನ ಸರಿಮಾಡೋಕೆ ಆಗಲ್ಲ.

ನಿಮ್ಮ ಅಂಗಡಿ, ಆಫೀಸಲ್ಲೂ ಎರಡು ಕಂಪ್ಯೂಟರ್ ಇದ್ದರೆ ಇವತ್ತೇ ಒಂದ್ಸಲ ಅವುಗಳ ಗಡಿಯಾರ ಪಕ್ಕಪಕ್ಕ ಇಟ್ಟು ನೋಡಿ. ಯಾರ ಮೇಲಾದ್ರೂ ಅನುಮಾನ ಪಡೋ ಮೊದಲು.