ಒಂದು ಸೆಂಟಿಮೀಟರಿನ್ಯಾಗ ಗುಳಿಗಿ ನೆನಪು

ಫೋನಿನ ಪರದಿ ಮ್ಯಾಲಿಂದ ಕೆಳಗ ಬೆರಳಿಲೆ ಜಗ್ಗಿದ್ರ ಇಳದು ಬರ್ತಾವಲ್ಲಾ ಪಟ್ಟಿ ಪಟ್ಟಿ, ಗ್ಯಾಸ್ ಬುಕ್ ಆತು, ಕರೆಂಟ್ ಬಿಲ್ ಬಂತು, ಯಾರೋ ಗುಡ್ ಮಾರ್ನಿಂಗ್ ಹೂವು ಕಳಿಸ್ಯಾರ ಅಂತ, ಅವಕ್ಕ ನೋಟಿಫಿಕೇಶನ್ ಅಂತಾರ. ಅವು ತಾವಾಗೇ ಹಂಗ ಬಂದು ಕೂಡ್ತಾವ ಅಂತ ನಾವು ತಿಳ್ಕೊಂಡಿರ್ತೇವಿ. ಹಂಗಲ್ಲ. ಎಲ್ಲೆ ಚಿತ್ರ, ಎಲ್ಲೆ ಅಕ್ಷರ, ಯಾವ ಮಾತು ಮ್ಯಾಲೆ, ಯಾವುದು ಕೆಳಗ, ಬಟನ್ ಎಷ್ಟು ಅನ್ನೋದನ್ನ ಯಾರೋ ಕೂತು ವಿಚಾರ ಮಾಡಿರ್ತಾರ. ನಮ್ಮ ಮನ್ಯಾಗ ಆ ಯಾರೋ ಅಂದ್ರ ನಮ್ಮ ಸೊಸಿ.

ಅಕಿ ಕೆಲಸಾ ಮಾಡೋ ಕಂಪನಿ ಗುಳಿಗಿ ನೆನಪು ಮಾಡೋ ಆ್ಯಪ್ ಮಾಡ್ತದ. ಮೂರು ತಿಂಗಳಾತು, ಧಾರವಾಡಕ್ಕ ಬಂದು ನಮ್ಮ ಪಡಸಾಲ್ಯಾಗ ಲ್ಯಾಪ್‌ಟಾಪ್ ಇಟ್ಕೊಂಡು ಕೂತಾಳ. ಕನ್ನಡದ ನೋಟಿಫಿಕೇಶನ್ ಪಟ್ಟಿಗೆ ಸ್ವಂತ ರೂಪ ಕೊಡೋ ಕೆಲಸ ಅಕಿದು. ನಂದು ಪಿಯುಸಿ ಆರ್ಟ್ಸ್, ಕಂಪ್ಯೂಟರ್ ವಿದ್ಯಾ ನನಗ ಬರಂಗಿಲ್ಲ. ಆದ್ರ ಎಂಬತ್ಮೂರು ವರ್ಷದ ನಮ್ಮ ಅತ್ತಿಯವರಿಗೆ ದಿನಾ ಐದು ಗುಳಿಗಿ ಕೊಡಾಕಿ ನಾನು. ಹಿಂಗಾಗಿ, "ಅತ್ಯಾ, ಇದನ್ನ ಒಂದಿಷ್ಟು ನೋಡ್ರಿ" ಅಂತ ನನ್ನ ಕರೀತಾಳ.

ಆಂಡ್ರಾಯ್ಡ್ ಫೋನಿನ್ಯಾಗ ಈ ಪಟ್ಟಿಗೆ ಎರಡು ರೂಪ. ಮುಚ್ಚಿದ್ದು ಒಂದು, ಕೆಳಗ ಜಗ್ಗಿ ಬಿಚ್ಚಿದ್ದು ಇನ್ನೊಂದು. ಸ್ವಂತ ವಿನ್ಯಾಸ ಮಾಡೋರಿಗೆ ಮುಚ್ಚಿದ್ದಕ್ಕ ಸಾಧಾರಣ 64 ಡಿಪಿ ಎತ್ತರ, ಬಿಚ್ಚಿದ್ದಕ್ಕ 256 ಡಿಪಿ. ಡಿಪಿ ಅಂದ್ರ ನಾವು ವಾಟ್ಸಾಪಿಗೆ ಇಡೋ ಫೋಟೋ ಅಲ್ರೀ, ಅದೊಂದು ಅಳತಿ. 160 ಡಿಪಿ ಅಂದ್ರ ಸುಮಾರು ಒಂದು ಇಂಚು. ಲೆಕ್ಕಾ ಹಾಕಿ ನೋಡ್ರಿ, ಮುಚ್ಚಿದ ಪಟ್ಟಿ ಬರೇ ಒಂದು ಸೆಂಟಿಮೀಟರ್! ಅದೂ ಪೂರಾ ನಮ್ಮದಲ್ಲ. 2021ರಾಗ ಆಂಡ್ರಾಯ್ಡ್ 12 ಬಂದ ಮ್ಯಾಲೆ ಆ್ಯಪಿನ ಗುರುತು, ಬಿಚ್ಚೋ ಬಾಣ ಎಲ್ಲಾ ಫೋನೇ ಹಾಕ್ತದ, ಉಳದ ಜಾಗಾದಾಗ ನಮ್ಮ ಕಾರಭಾರ. ಗುಳೇದಗುಡ್ಡದ ಖಣ ಇದ್ದಂಗ. ದಡಿ ನೇಕಾರ ಮೊದಲೇ ನೇಯ್ದು ಕೊಟ್ಟಿರ್ತಾನ, ನಡುವಿನ ಅರಿವ್ಯಾಗ ಕುಬಸ ಕೂಡಿಸಬೇಕು. ಮತ್ತ ಇನ್ನೊಂದು ಏನಂದ್ರ, ಈ ಪಟ್ಟಿ ಬರಿಯೋದು ಆ್ಯಪ್ ಅಲ್ಲ. ಆ್ಯಪ್ ಒಂದು ಚೀಟಿ ಬರದು ಕೊಡ್ತದ, ಫೋನು ಅದನ್ನ ನೋಡಿ ಪರದಿ ಮ್ಯಾಲೆ ಇಡ್ತದ. ಹಿಂಗಾಗಿ ಅಕ್ಷರ, ಚಿತ್ರ, ಬಟನ್ ಇಂಥಾ ಫೋನಿಗೆ ಗೊತ್ತಿದ್ದ ಸಾಮಾನೇ ಹಾಕಬೇಕು, ಹೊಸಾ ನಮೂನಿ ನಡಿಯಂಗಿಲ್ಲ.

ಇನ್ನ ಖರೇ ವಿಷಯಕ್ಕ ಬರ್ತೇನಿ. ಕಂಪನಿಯವರು ಮೊದಲು ಇಂಗ್ಲಿಷಿನ್ಯಾಗ ಬರದು, ಆಮ್ಯಾಲೆ ಕನ್ನಡ ಮಾಡಿಸಿದ್ರು. ಇಂಗ್ಲಿಷಿನ್ಯಾಗ "ಡು ನಾಟ್ ಟೇಕ್ ಬಿಫೋರ್ ಫುಡ್" ಅಂತ ಇತ್ತು. ಕನ್ನಡದಾಗ "ಊಟಕ್ಕಿಂತ ಮೊದಲು ತೆಗೆದುಕೊಳ್ಳಬೇಡಿ" ಅಂತ ಆಗಿತ್ತು. ಏನೂ ತಪ್ಪಿಲ್ಲ, ಶುದ್ಧ ಕನ್ನಡ. ಸೊಸಿ ತನ್ನ ಫೋನಿನ್ಯಾಗ ನೋಡಿದ್ಲು, ಚಲೋ ಕಾಣ್ತು. ಆಮ್ಯಾಲೆ ಅತ್ತಿಯವರ ಫೋನಿನ್ಯಾಗ ಹಾಕಿ ನೋಡಿದ್ಲು. ಅವರ ಫೋನಿನ್ಯಾಗ ಅಕ್ಷರ ಎಲ್ಲಾಕಿಂತ ದೊಡ್ಡದು ಮಾಡಿ ಇಟ್ಟೇವಿ, ಚಾಳೀಸು ಎಲ್ಲಿಟ್ಟಾರಂತ ಅವರಿಗೇ ನೆನಪಿರಂಗಿಲ್ಲ. ಅತ್ತಿಯವರು ಗಟ್ಟಿಯಾಗಿ ಓದಿದ್ರು: "ಊಟಕ್ಕಿಂತ ಮೊದಲು ತೆಗೆದು..." ಮುಂದ ಮೂರು ಚುಕ್ಕಿ. "ಹಂಗಾರ ಈಗ ತಗೋಬೇಕೇನವಾ?" ಅಂತ ಗುಳಿಗಿ ಡಬ್ಬಿಗೆ ಕೈ ಹಾಕೇಬಿಟ್ರು.

ಅದು ಶುಗರ್ ಗುಳಿಗಿ. ಅದರಾಗ ಕೆಲವು ಹೆಂಗಿರ್ತಾವಂದ್ರ, ತಗೊಂಡು ಉಣ್ಣದ ಕೂತ್ರ ಶುಗರ್ ಸರ್ರಂತ ಇಳದು ಕೈಕಾಲು ನಡುಗ್ತಾವ, ಎಚ್ಚರನೂ ತಪ್ಪಬಹುದು. ನಾನು ಡಬ್ಬಿ ಈಚೆ ತಗೊಂಡೆ. ಸೊಸಿ ಮಾರಿ ಬೆಳ್ಳಗಾಗಿತ್ತು.

ನೋಡ್ರಿ, ಇಂಗ್ಲಿಷಿನ ಬ್ಯಾಡ ಮೊದಲಿಗೇ ಬರ್ತದ, ಡು ನಾಟ್ ಅಂತ. ನಮ್ಮ ಬ್ಯಾಡ, ಇಲ್ಲ, ಬಾರದು, ಕೂಡದು ಎಲ್ಲಾ ಮಾತಿನ ಬಾಲದಾಗ. ಪಟ್ಟಿ ಸಾಲದಾದ್ರ ಫೋನು ಕತ್ತರಿಸೋದೂ ಬಾಲಾನ. ಇಂಗ್ಲಿಷ್ ಕತ್ತರಿಸಿದ್ರ ಅರ್ಧಾ ಮಾತು ಉಳೀತದ, ಕನ್ನಡ ಕತ್ತರಿಸಿದ್ರ ಉಲ್ಟಾ ಮಾತು ಆಗ್ತದ. ನಾನು ಸೊಸಿಗೆ ಹೇಳಿದೆ, "ನೀ ಬ್ಯಾಡ ಅನ್ನೋ ಮಾತನ್ನೇ ಇಲ್ಲೆ ಹಾಕಬ್ಯಾಡವಾ. ಯಾವಾಗ ತಗೋಬೇಕು ಅನ್ನೋದನ್ನ ಮುಂದ ತಾ." ಈಗ ಮ್ಯಾಲಿನ ಸಾಲು "ಊಟ ಆದ ಮೇಲೆ". ಕೆಳಗ ಸಣ್ಣದಾಗಿ "ಶುಗರ್ ಗುಳಿಗೆ, 1". ಇದನ್ನ ಎಲ್ಲೆ ಕತ್ತರಿಸಿದ್ರೂ ಯಾರಿಗೂ ಏನೂ ಆಗಂಗಿಲ್ಲ. ಮೊದಲಿಗೆ "ಪ್ರಿಯ ಬಳಕೆದಾರರೇ, ನಿಮ್ಮ ಔಷಧಿಯನ್ನು ತೆಗೆದುಕೊಳ್ಳುವ ಸಮಯವಾಗಿದೆ" ಅಂತ ಒಂದು ಉದ್ದನ್ನ ಸಾಲಿತ್ತು. ಗುಳಿಗಿ ಹೆಸರು ಬರೂದ್ರಾಗ ಜಾಗಾನೇ ಮುಗೀತಿತ್ತು. ಅದನ್ನೂ ತಗದ್ಲು.

ಆಮ್ಯಾಲೆ ಒತ್ತಕ್ಷರದ ಪಂಚಾಯ್ತಿ. ಇಂಗ್ಲಿಷ್ ಅಕ್ಷರಕ್ಕ ಕೆಳಗ ಅಷ್ಟು ಜಾಗಾ ಬೇಕಾಗಂಗಿಲ್ಲ. ನಮ್ಮವು ಹಂಗಲ್ಲ, ಮ್ಯಾಲೆ ಗುಡಿಸು, ಕೆಳಗ ಒತ್ತು, ಎರಡೂ ಕಡೆ ಕೈಕಾಲು ಚಾಚ್ತಾವ. ಸಾಲಿನ ಎತ್ತರ ಇಂಗ್ಲಿಷ್ ನೋಡಿ ಗಟ್ಟಿ ಮಾಡಿದ್ರ ಕೆಳಗಿನ ಒತ್ತು ಕಟ್. ಥೈರಾಯ್ಡ್ ಗುಳಿಗಿ ಮುಂಜಾನೆ ನಾಷ್ಟಾಕ್ಕಿಂತ ಅರ್ಧಾ ತಾಸರ ಮೊದಲು ತಗೋಬೇಕಲ್ಲಾ, ಅದಕ್ಕ "ಖಾಲಿ ಹೊಟ್ಟೆ" ಅಂತ ಬರದಿದ್ಲು. ಅದು "ಖಾಲಿ ಹೊಟೆ" ಆಗಿ ಕೂತಿತ್ತು. ಅದು ಹೆಂಗೋ ತಿಳೀತದ ಅನ್ರಿ. ಆದ್ರ ಕತ್ತೆಯ ಒತ್ತು ಹೋದ್ರ ಕತೆ ಆಗ್ತದ, ಹಂಗ ಯಾವ ಔಷಧದ ಹೆಸರು ಏನಾಗ್ತದೋ! ಎತ್ತರ ಗಟ್ಟಿ ಮಾಡಬಾರ್ದು, ಅಕ್ಷರ ಬೆಳೆದಂಗ ಸಾಲೂ ಬೆಳೀಬೇಕು ಅಂತ ಸೊಸಿ ಈಗ ಎಲ್ಲಾ ಬದಲಿ ಮಾಡ್ಯಾಳ. 2023ರ ಆಂಡ್ರಾಯ್ಡ್ 14ರಿಂದ ಅಕ್ಷರ 200 ಪ್ರತಿಶತದ ತನಕ ದೊಡ್ಡದು ಮಾಡ್ಲಿಕ್ಕೆ ಬರ್ತದಂತ. ವಯಸ್ಸಾದವರಿಗೆ ಅದು ಚಲೋ, ಆದ್ರ ಪಟ್ಟಿ ಹೊಲಿಯೋರಿಗೆ ಪರೀಕ್ಷಾ.

ಚಿತ್ರಕ್ಕೂ ಒಂದು ಮಾತಾತು. ಗುಳಿಗಿ ಬಣ್ಣದ ಚಿತ್ರ ಹಾಕಿದ್ಲು, ಗುಲಾಬಿ, ಹಳದಿ ಅಂತ. ಔಷಧಿ ಅಂಗಡಿಯವ ಮುಂದಿನ ತಿಂಗಳು ಬ್ಯಾರೆ ಕಂಪನಿದು ಕೊಟ್ರ ಬಣ್ಣಾನೇ ಬ್ಯಾರೆ. ಸೂರ್ಯ, ಊಟದ ತಾಟು, ಚಂದ್ರ ಹಾಕು ಅಂದೆ. ಹಾಕ್ಯಾಳ.

ನಾನು ಹಟಾ ಹಿಡದದ್ದು ಒಂದಕ್ಕ. ಫೋನ್ ಲಾಕ್ ಇದ್ದಾಗ ಪರದಿ ಮ್ಯಾಲೆ ಏನು ಕಾಣಬೇಕು? ನಮ್ಮ ಹೆಂಗಸರ ಫೋನು ಎಲ್ಲಿರ್ತದ್ರೀ? ಅಡಗಿ ಮನಿ ಕಟ್ಟಿ ಮ್ಯಾಲೆ, ಫ್ರಿಜ್ಜಿನ ಮ್ಯಾಲೆ. ಹೋದವರು ಬಂದವರು ಎಲ್ಲಾರೂ ನೋಡ್ತಾರ. ಮಕ್ಕಳಾಗ್ಲಿ ಅಂತ ಗುಳಿಗಿ ತಗೊಳೋ ಸೊಸಿ ಇರ್ತಾಳ. ಮನಸ್ಸಿನ ಡಾಕ್ಟರು ಕೊಟ್ಟ ಗುಳಿಗಿ ಯಾರಿಗೂ ಹೇಳದ ನುಂಗೋ ಅಕ್ಕ ಇರ್ತಾಳ. ಆ ಹೆಸರು ಪರದಿ ಮ್ಯಾಲೆ ದೊಡ್ಡ ಅಕ್ಷರದಾಗ ಬಂದ್ರ ಸಂಜಿ ಆಗೂದ್ರಾಗ ಓಣಿ ತುಂಬ ಸುದ್ದಿ. ಆ ಹುಡುಗಿ ಆ್ಯಪ್ ತಗದ ಒಗೀತಾಳ, ಗುಳಿಗಿನೂ ಬಿಡ್ತಾಳ. "ಅದಕ್ಕ ವ್ಯವಸ್ಥಾ ಅದ ಅತ್ಯಾ" ಅಂದ್ಲು ಸೊಸಿ. ಲಾಕ್ ಇದ್ದಾಗ ತೋರಸ್ಲಿಕ್ಕೆ ಬ್ಯಾರೆನೇ ಒಂದು ಪಟ್ಟಿ ಮಾಡಿ ಕೊಡಬಹುದಂತ. ಅದರಾಗ ಬರೇ "ಒಂದು ನೆನಪು" ಅಂತ ಇರ್ತದ, ಲಾಕ್ ತಗದ್ರ ಪೂರಾ ಕಾಣ್ತದ. ಕಂಪನಿಯವರು ಇದು ಮುಂದಿನ ಸಲ ನೋಡೋಣು ಅಂದಿದ್ರಂತ. ಸೊಸಿ ಮೀಟಿಂಗಿನ್ಯಾಗ ನನ್ನ ಮಾತೇ ಹೇಳಿದ್ಲು, ಓಣಿ ಸುದ್ದಿ ಸಹಿತ. ಈ ಸಲಾನೇ ಆತು.

ಇನ್ನೊಂದು ಜಗಳ ಇನ್ನೂ ನಡದದ. 2017ರ ಆಂಡ್ರಾಯ್ಡ್ 8ರಿಂದ ನೋಟಿಫಿಕೇಶನ್ನುಗಳನ್ನ ಬ್ಯಾರೆ ಬ್ಯಾರೆ ಚಾನೆಲ್ ಮಾಡಿ ಇಡಬೇಕು, ನಮಗ ಬ್ಯಾಡಾದ ಚಾನೆಲ್ ಅಷ್ಟೇ ನಾವು ಬಂದ್ ಮಾಡಬಹುದು. ಕಂಪನಿಯವರು ಗುಳಿಗಿ ನೆನಪು, "ರಕ್ತ ತಪಾಸಣಿಗೆ 20 ಪ್ರತಿಶತ ರಿಯಾಯಿತಿ" ಎರಡನ್ನೂ ಒಂದೇ ಚಾನೆಲ್ಲಿನ್ಯಾಗ ತುರಕ್ಯಾರ. ಜಾಹೀರಾತಿಗೆ ಬ್ಯಾಸತ್ತು ಬಂದ್ ಮಾಡಿದ್ರ ಗುಳಿಗಿ ನೆನಪೂ ಬಂದ್. ಉಪ್ಪಿನಕಾಯಿ ಭರಣ್ಯಾಗ ಸಕ್ಕರಿ ಹಾಕಿದಂಗಾತು ಇದು. ಸೊಸಿ ಎರಡು ಸಲ ಬರದು ಕಳಿಸ್ಯಾಳ, ಉತ್ತರ ಬಂದಿಲ್ಲ.

ಕಡೀಕ ಬಟನ್ನು. "ತೆಗೆದುಕೊಂಡಿದ್ದೇನೆ" ಅಂತ ಇತ್ತು, ಬಟನ್ ತುಂಬಿ ಹೊರಗ ಹರೀತಿತ್ತು. ಪಟ್ಟಿ ಸುಮ್ನ ಬದಿಗೆ ಸರಿಸಿದ್ರ ತಗೊಂಡಂಗ ಅಲ್ಲ, ಹತ್ತು ನಿಮಿಷಕ್ಕ ಹೊಳ್ಳಿ ಬರಬೇಕು ಅಂತ ಮೊದಲೇ ಮಾತಾಗಿತ್ತು, ಯಾಕಂದ್ರ ಅತ್ತಿಯವರು ಕಸಾ ಹೊಡದಂಗ ಎಲ್ಲಾ ಸರಿಸ್ತಾರ. ಹಂಗಾಗಿ ಬಟನ್ ಮ್ಯಾಲಿನ ಮಾತು ಅವರಿಗೆ ಥಟ್ಟನ ತಿಳೀಬೇಕು. ಏನು ಬರೀಲಿ ಅಂತ ಸೊಸಿ ಅವರನ್ನೇ ಕೇಳಿದ್ಲು, "ಅಜ್ಜಿ, ಗುಳಿಗಿ ನುಂಗಿದ ಮ್ಯಾಲೆ ಏನಂತೀರಿ?" ಅತ್ತಿಯವರು ನೀರಿನ ಲೋಟಾ ಕೆಳಗಿಟ್ಟು "ಆತು" ಅಂದ್ರು. ಎಲ್ಲಾ ಊರಿನವರಿಗೂ ತಿಳೀಲಿ ಅಂತ "ಆಯ್ತು" ಮಾಡ್ಯಾರ. ಯ ಅಕ್ಷರದ ಕೆಳಗ ಈಗ ತ ಒತ್ತು ಬಂದದ, ಅದಕ್ಕೂ ಕೆಳಗ ಜಾಗಾ ಬಿಡಿಸೇನಿ.