ಒಣಗಿದ ಎಲೆಯ ಕಿಮ್ಮತ್ತು

ಮನೆಯಲ್ಲೇ ಗೊಬ್ಬರ ಮಾಡುತ್ತೇವೆ ಎಂದರೆ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ವಾಸನೆ ಬರಲ್ವಾ?’, ಎರಡನೆಯದು ‘ಹುಳ?’. ಕೇಳುವವರ ಮೂಗು ಆಗಲೇ ಸೊಟ್ಟಗಾಗಿರುತ್ತದೆ. ಅದೇ ಮೂಗು ಬೀದಿ ತಿರುವಿನ ಕಸದ ರಾಶಿಯನ್ನು ದಿನಾ ದಾಟಿ ಬರುತ್ತದೆ, ಅದು ಬೇರೆ ಮಾತು.

ಈ ಊರಿಗೆ ಗೊಬ್ಬರದ ವಿದ್ಯೆ ಹೊಸದೇನಲ್ಲ. ಊರ ಕಸವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತುವ ಕ್ರಮವೊಂದನ್ನು ವಿಜ್ಞಾನಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಇಲ್ಲೇ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಅಂಥ ಊರು, 2012ರಲ್ಲಿ ಹೊರವಲಯದ ಮಾವಳ್ಳಿಪುರದಲ್ಲಿ ತನ್ನ ಕಸ ಸುರಿಯುವುದು ನಿಂತಾಗ ಕೈಕೈ ಹಿಸುಕಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ದೀಪಾವಳಿಗೆ ತಿಪ್ಪೆಗೂ ದೀಪ ಹಚ್ಚಿಡುವವರಿದ್ದಾರೆ. ಪೇಟೆಯ ನಾವು ತಿಪ್ಪೆಯನ್ನು ಬೈಗುಳಕ್ಕಷ್ಟೇ ಉಳಿಸಿಕೊಂಡಿದ್ದೇವೆ.

ಇರಲಿ. ಶುರು ಮಾಡಲು ತಳದಲ್ಲೂ ಪಕ್ಕದಲ್ಲೂ ತೂತು ಕೊರೆದ ಹಳೆಯ ಪೇಂಟ್ ಡಬ್ಬ ಸಾಕು. ಸಾವಿರಾರು ರೂಪಾಯಿಯ ಯಂತ್ರ ಕೊಂಡವರನ್ನೂ ಬಲ್ಲೆ. ಈಗ ಅದರ ಮೇಲೆ ಹಳೇ ಪೇಪರ್ ಪೇರಿಸಿದ್ದಾರೆ. ಡಬ್ಬಕ್ಕಿಂತ ಮುಖ್ಯ ಒಣ ಎಲೆ. ತರಕಾರಿ ಸಿಪ್ಪೆ, ಸೋಸಿದ ಟೀ ಚರಟ, ಬಾಡಿದ ಹೂವು ಇವುಗಳಲ್ಲಿ ನೀರೂ ಸಾರಜನಕವೂ ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಹಿತ. ಹಾಗಂತ ತಕ್ಕಡಿ ಹಿಡಿದು ಕೂರಬೇಕಿಲ್ಲ. ಹಸಿ ಕಸ ಕಾಣದಷ್ಟು ಎಲೆ ಮುಚ್ಚಿ, ಆಗಾಗ ಕೈಯಾಡಿಸಿ. ಗಾಳಿ ಆಡಿದರೆ ನಾರುವುದಿಲ್ಲ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಬೇಕು. ಧಾರೆ ಇಳಿದರೆ ಎಲೆಯಲ್ಲಿ ಜಿಪುಣತನ ಮಾಡಿದ್ದೀರಿ ಎಂದರ್ಥ.

ಅದರಲ್ಲೇಕೆ ಜಿಪುಣತನವೋ! ಬೀದಿಯಲ್ಲಿ ಗುಡಿಸಿಟ್ಟ ಹೊಂಗೆ, ಮಳೆಮರದ ಎಲೆಗೆ ಯಾರೋ ಬೆಂಕಿ ಇಡುತ್ತಾರೆ. ಅದರ ಹೊಗೆಗೆ ಕೆಮ್ಮುತ್ತಲೇ ನಾವು ಎಲೆಯ ಬದಲು ಡಬ್ಬಕ್ಕೆ ಹಾಕಲು ಮೊಬೈಲಿನಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗೆ ಆರ್ಡರ್ ಕೊಡುತ್ತೇವೆ. ಎಲೆ ಉದುರುವ ಕಾಲದಲ್ಲಿ ಗೋಣಿಚೀಲ ಹಿಡಿದು ಹೊರಟರೆ ವರ್ಷಕ್ಕಾಗುವಷ್ಟು ದಾಸ್ತಾನು. ಮರದಡಿ ಬಗ್ಗಿದ್ದ ನನ್ನನ್ನು ಕಂಡು ಎದುರು ಮನೆಯವರು, “ಅಯ್ಯೋ ಸಾರ್, ಹೇಳಿದ್ರೆ ನಮ್ಮ ಹುಡುಗನ್ನ ಕಳಿಸ್ತಿದ್ನಲ್ಲ” ಎಂದು ಕನಿಕರಪಟ್ಟರು. ಮಾರನೇ ವರ್ಷ ಹೇಳಿದೆ. ಹುಡುಗನಿಗೆ ಪರೀಕ್ಷೆಯಂತೆ.

ಹುಳದ ವಿಷಯ ಬಿಟ್ಟೇಹೋಯಿತು. ಬೂದು ಬಣ್ಣದ ಚಪ್ಪಟೆ ಹುಳ ಕಂಡರೆ ಔಷಧಿ ಹೊಡೆಯಬೇಡಿ. ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಸಿಪ್ಪೆಯನ್ನು ನಮಗಿಂತ ಶ್ರದ್ಧೆಯಿಂದ ಮುಗಿಸುತ್ತದೆ. ನೊಣವಾದ ಮೇಲೂ ಕಚ್ಚುವುದಿಲ್ಲ, ನಮ್ಮ ಅನ್ನದ ಮೇಲೂ ಅದಕ್ಕೆ ಕಣ್ಣಿಲ್ಲ. ಎರಡು ಮೂರು ತಿಂಗಳಿಗೆ ಡಬ್ಬದಲ್ಲಿ ಕರಿ ಪುಡಿ ಸಿದ್ಧವಾಗುತ್ತದೆ. ಜರಡಿ ಹಿಡಿದಾಗ ಜಗ್ಗದೆ ಉಳಿಯುವ ಮಾವಿನ ಓಟೆ, ಕರಗದ ಎಲೆದಂಟು ಮುಂದಿನ ಡಬ್ಬದ ತಳಕ್ಕೆ.