ಐದು ಊರು, ಒಂದು ಟೆನ್ನಿಸ್ ಬಾಲು

ನಮ್ಮ ಕಡೆ ಕ್ರಿಕೆಟ್ ಸೀಸನ್ ಶುರುವಾಗೋದು ಕ್ಯಾಲೆಂಡರ್ ನೋಡಿ ಅಲ್ಲ, ತೊಗರಿ ನೋಡಿ. ರಾಶಿ ಮುಗಿದು ಕೈಯಲ್ಲಿ ನಾಲ್ಕು ದುಡ್ಡು, ನಾಲ್ಕು ಘಂಟೆ ಬಿಡುವು ಸಿಕ್ಕ ಮೇಲೆಯೇ ಆಟ. ಅಂದ್ರೆ ಜನವರಿಯಿಂದ ಯುಗಾದಿವರೆಗೆ ಅನ್ನಿ. ಅದಾದ ಮೇಲೆ ಬಿಸಿಲು 40 ಡಿಗ್ರಿ ದಾಟುತ್ತೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ, ಎರಿಮಣ್ಣು ಬೂಟಿಗೆ ಅಂಟಿಕೊಂಡ್ರೆ ಒಂದೊಂದು ಕಾಲು ಎರಡೆರಡು ಕೆಜಿ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದು ಊರಿನ ಹುಡುಗರು... ಹುಡುಗರು ಅಂದ್ರೆ ನಗಬೇಡಿ, ನನಗೀಗ ನಲವತ್ತೊಂದು, ನಮ್ಮ ಓಪನರ್‌ಗೆ ನಲವತ್ತಾರು... ಪ್ರತಿ ವರ್ಷ ಭಾನುವಾರ ಭಾನುವಾರ ಸೇರಿ ಆಡ್ತೀವಿ. ನಾಲ್ಕು ಊರಿಗೆ ರೈಲಿದೆ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ, ಹಾಕಿದ ಲೈನು ಸೇಡಂ, ಚಿತ್ತಾಪುರದ ಮೇಲೇ ಹೋಗುತ್ತೆ. ಶಹಾಬಾದು ವಾಡಿಯಿಂದ ಸೊಲ್ಲಾಪುರದ ಕಡೆ ಹೋಗೋ ಲೈನಿನಲ್ಲಿದೆ. ಕಿಟ್ ಬ್ಯಾಗ್ ಹಾಕ್ಕೊಂಡು ಪ್ಯಾಸೆಂಜರ್ ಹತ್ತಿದ್ರೆ ಆಯ್ತು. ಚಿಂಚೋಳಿಯವರಿಗೆ ಮಾತ್ರ ರೈಲಿಲ್ಲ. ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟೆಂಪೋ ಮಾಡಿಕೊಂಡು ಬರಬೇಕು. ಆದ್ರೂ ಎಲ್ಲರಿಗಿಂತ ಮೊದಲು ಮೈದಾನದಲ್ಲಿ ಇರೋರು ಅವರೇ, ಅದೊಂದು ಆಶ್ಚರ್ಯ ನೋಡಿ.

ಆಡೋರು ಯಾರು? ಪರಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡೋರು, ಸಿಮೆಂಟ್ ಫ್ಯಾಕ್ಟರಿಯ ಗುತ್ತಿಗೆ ಕೆಲಸದವರು, ರೈಲ್ವೆಯವರು, ಇಬ್ಬರು ಮೇಷ್ಟ್ರು, ಒಬ್ಬ ಕಿರಾಣಿ ಅಂಗಡಿಯವ. ಮೊರಂ ಹಾಕಿ ಬಡಿದ ಪಿಚ್ಚು, ಸುಣ್ಣದ ಗೆರೆ, ಎಂಟು ಓವರು, ಹೆವಿ ಟೆನ್ನಿಸ್ ಬಾಲು. ಎಲ್‌ಬಿಡಬ್ಲ್ಯೂ ಇಲ್ಲ. ಯಾಕಂದ್ರೆ ಅಂಪೈರ್ ಆಗಿ ನಿಲ್ಲೋನು ಬ್ಯಾಟಿಂಗ್ ಟೀಮಿನವನೇ! ಮೈಕ್ ಹಿಡಿದೋನು ಒಂದೇ ವಾಕ್ಯದಲ್ಲಿ ಕನ್ನಡ, ಉರ್ದು, ತೆಲುಗು ಮೂರನ್ನೂ ಕಲಸಿ ಉಣ್ಣಿಸ್ತಾನೆ.

ದೊಡ್ಡ ಕ್ರಿಕೆಟ್ಟಿಗೂ ನಮಗೂ ದೂರ ಬಹಳ. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ನಮ್ಮ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತೆ. ಅಲ್ಲಿ ಲೆದರ್ ಬಾಲು, ಪ್ಯಾಡು, ಹೆಲ್ಮೆಟ್ಟು, ಬಿಳಿ ಡ್ರೆಸ್ಸು ಎಲ್ಲಾ ಬೇಕು. 2022ರಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಮಹಾರಾಜ ಟ್ರೋಫಿ ಗೆದ್ದಾಗ ನಾವೂ ಪಟಾಕಿ ಹೊಡೆದ್ವಿ. ಆದರೆ ಮೂವತ್ತು ದಾಟಿದ, ಹೆಸರಿಲ್ಲದ ಆಟಗಾರನಿಗೆ ಅಲ್ಲಿ ಜಾಗ ಎಲ್ಲಿದೆ ಹೇಳಿ? 2024ರಿಂದ ಟೆನ್ನಿಸ್ ಬಾಲಿಗೂ ಮುಂಬೈ ಕಡೆ ದೊಡ್ಡ ಲೀಗ್ ಬಂತು, ಸಂತೋಷವೇ. ಅದು ಕೂಡ ಟಿವಿಯೊಳಗಿನ ಆಟ.

ಅಮೆರಿಕದಲ್ಲಿರೋ ಗೆಳೆಯನಿಗೆ ಇದನ್ನೆಲ್ಲ ಹೇಳ್ತಿದ್ದೆ. ಅವನಿರೋ ಮಿನ್ನೆಸೋಟಾದಲ್ಲಿ ಸಣ್ಣ ಸಣ್ಣ ಊರಿನ ದೊಡ್ಡವರು ಸೇರಿ ಬೇಸ್‌ಬಾಲ್ ಆಡ್ತಾರಂತೆ, ಅದಕ್ಕೆ ಟೌನ್ ಬಾಲ್ ಅಂತಾರಂತೆ. ಸಂಬಳ ಇಲ್ಲ, ಹಗಲೆಲ್ಲ ಕೆಲಸ, ಸಂಜೆ ಆಟ. ಅವರ ರಾಜ್ಯಮಟ್ಟದ ಟೂರ್ನಮೆಂಟ್ 1924ರಿಂದ ನಡೀತಿದೆ! ನೂರು ವರ್ಷ! ನಮ್ಮದು ನೂರು ವರ್ಷ ನಡೀಬೇಕಾದ್ರೆ ಏನು ಬೇಕು ಅಂತ ಯೋಚನೆ ಹತ್ತಿದ್ದು ಆಗಲೇ. ಉತ್ತರ ಸಿಕ್ಕಿದ್ದು ಹೋದ ಸೀಸನ್ನಿನ ಒಂದು ಕ್ಯಾಚಿನಲ್ಲಿ.

ಚೆಂಡು ಆಕಾಶಕ್ಕೆ ಎದ್ದಿತ್ತು. ಒಂದು ಕಡೆಯಿಂದ ನಮ್ಮ ಫಾಸ್ಟ್ ಬೌಲರ್ "ನಂದು ನಂದು" ಅಂತ ಓಡಿ ಬಂದ. ಇನ್ನೊಂದು ಕಡೆಯಿಂದ ನಮ್ಮವನೇ ಇನ್ನೊಬ್ಬ "ಮೇರಾ ಮೇರಾ" ಅಂತ ಬಂದ. ಇಬ್ಬರೂ ಮೇಲೆ ನೋಡ್ತಿದ್ರು. ಡಿಕ್ಕಿಯ ಸದ್ದು ಕೀಪಿಂಗ್ ಮಾಡ್ತಿದ್ದ ನನಗೂ ಕೇಳಿಸ್ತು. ಬೌಲರ್‌ನ ಹೆಗಲ ಎಲುಬು ಮುರಿದಿತ್ತು. ಮೈದಾನದಲ್ಲಿ ಒಂದು ಬ್ಯಾಂಡೇಜ್ ಇರಲಿಲ್ಲ. ಯಾರದೋ ಶಲ್ಯದಲ್ಲಿ ಕೈ ಕಟ್ಟಿ, ಟಂಟಂನಲ್ಲಿ ಕೂರಿಸಿಕೊಂಡು ಹೋದ್ವಿ.

ಅವನು ಖಣಿಯಲ್ಲಿ ದಿನಗೂಲಿ. ಕೈ ಎತ್ತದಿದ್ರೆ ಕೂಲಿ ಇಲ್ಲ. ಎರಡು ತಿಂಗಳು ಮನೇಲಿ ಕೂತ. ನೋಡೋಕೆ ಹೋದಾಗ ಅವನ ಹೆಂಡತಿ ಚಹಾ ಕೊಟ್ಟು ಒಂದೇ ಮಾತು ಕೇಳಿದಳು: "ಅಣ್ಣಾ, ಕಪ್ ಗೆದ್ರ ಎಲ್ಲಾರೂ ಹಂಚಿಕೋತೀರಿ. ಇದನ್ನ ಯಾರ್ ಹಂಚಿಕೋತಾರ?"

ನಮ್ಮ ಬಳಿ ಉತ್ತರ ಇರಲಿಲ್ಲ. ಮುಂದಿನ ಭಾನುವಾರ ಆ ಮಾತನ್ನ ಐದೂ ಕ್ಯಾಪ್ಟನ್‌ಗಳ ಮುಂದೆ ಇಟ್ಟೆ. ಮೊದಲು ಎದ್ದು ನಿಂತೋರು ಚಿಂಚೋಳಿಯವರು, ಅಂದು ನಮ್ಮ ಎದುರಾಳಿಗಳು! "ಫೈನಲ್ ಪ್ರೈಜ್ ನಮಗ ಬ್ಯಾಡ್ರೀ, ಮೊದ್ಲ ಅವನ ಮನಿಗೆ ಮುಟ್ಟಿಸ್ರಿ" ಅಂದ್ರು. ಶಹಾಬಾದಿನವರು ಟೋಪಿ ತಿರುಗಿಸಿದ್ರು. ಕೂಲಿಯಷ್ಟು ಪೂರ್ತಿ ಆಗಲಿಲ್ಲ ನಿಜ, ಕಿರಾಣಿ ಸಾಲ ಮಾತ್ರ ತೀರಿತು.

ಈ ವರ್ಷದಿಂದ ಮೂರು ನಿಯಮ ಮಾಡಿದ್ದೀವಿ. ಎಂಟ್ರಿ ಫೀಸಿನ ಕಾಲುಭಾಗ ಗಾಯಾಳುಗಳ ಡಬ್ಬಿಗೆ. ಪ್ರತಿ ಮ್ಯಾಚಿಗೆ ಫಸ್ಟ್ ಏಡ್ ಪೆಟ್ಟಿಗೆ ಮತ್ತು ಒಂದು ಗಾಡಿ ಸಿದ್ಧ. ಇನ್ನು ಕ್ಯಾಚ್ ಎತ್ತರಕ್ಕೆ ಹೋದ್ರೆ ಕೂಗೋನು ಕೀಪರ್ ಒಬ್ಬನೇ, ಅದೂ ಹೆಸರು ಹಿಡಿದು. ಕಪ್ಪು ಸಣ್ಣದಾಯ್ತು ಅಂತ ಗೊಣಗಿದೋರೂ ಇದ್ದಾರೆ, ಇರಲಿ ಬಿಡಿ.

ಆ ಬೌಲರ್ ಮತ್ತೆ ಬಂದಿದ್ದಾನೆ. ಮೊದಲಿನ ವೇಗ ಇಲ್ಲ, ಈಗ ಸ್ಪಿನ್ ಹಾಕ್ತಾನೆ. ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲವಂತೆ. ಆದ್ರೆ ಡಬ್ಬಿಯ ಲೆಕ್ಕ ಮಾತ್ರ ಪ್ರತಿ ವಾರ ತಪ್ಪದೆ ಕೇಳ್ತಾಳಂತೆ.

ನಿಮ್ಮೂರಲ್ಲೂ ಇಂಥ ಟೂರ್ನಮೆಂಟ್ ಇದ್ದೇ ಇರುತ್ತೆ. ಮುಂದಿನ ಸಲ ಹೋದಾಗ ಸ್ಕೋರ್ ಎಷ್ಟು ಅಂತ ಕೇಳೋ ಮುಂಚೆ, ಬ್ಯಾಂಡೇಜ್ ಎಲ್ಲಿದೆ ಅಂತ ಒಂದು ಮಾತು ಕೇಳಿ ನೋಡಿ.